ವಾಯುಪಡೆಯ ತರಬೇತಿಯೋ, ನಾಗರಿಕ ಪೈಲಟ್ ತರಬೇತಿಯೋ: ಯಾವ ದಾರಿ ಹಿಡಿಯಲಿ?

ಮಾಂಜ್ರಾತೀರ

ಎಲ್ಲರಿಗೂ ನಮಸ್ಕಾರ. ನಾನು ಬೀದರಿನವನು, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಪೈಲಟ್ ಆಗಬೇಕೆಂಬುದು ಖಚಿತ, ದಾರಿ ಯಾವುದೆಂಬುದು ಇನ್ನೂ ಖಚಿತವಾಗಿಲ್ಲ. ನಮ್ಮೂರಿನ ವಾಯುನೆಲೆಯಿಂದ ಹಾಕ್ ವಿಮಾನಗಳು ಹಾರುವುದನ್ನು ನೋಡುತ್ತಲೇ ಬೆಳೆದವರಾದ್ದರಿಂದ ಮನೆಯವರ ಒಲವೆಲ್ಲ ವಾಯುಪಡೆಯ ಕಡೆಗೆ. ನಮ್ಮ ಸೋದರಮಾವ ಹೇಳುವುದು ಹೀಗೆ: ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆ, ಸರ್ಕಾರದ ಖರ್ಚಿನಲ್ಲಿ ಹಾರಾಟ ಕಲಿ, ಕೆಲವು ವರ್ಷ ದುಡಿದು ಹೊರಗೆ ಬಾ, ಏರ್‌ಲೈನ್‌ಗಳು ತಾವಾಗಿಯೇ ಕರೆಯುತ್ತವೆ, ದುಡ್ಡು ಕಟ್ಟಿ ಕಲಿತವನು ಎಂದಿಗೂ ಅಂಥ ಪೈಲಟ್ ಆಗಲಾರ. ಈ ಕೊನೆಯ ಮಾತು ನಿಜವೇ? ಎರಡರಲ್ಲಿ ಯಾವುದಾದರೂ ತರಬೇತಿಯನ್ನು ಪಡೆದವರು ಅಥವಾ ಕೊಟ್ಟವರು ತಿಳಿಸಿದರೆ ಉಪಕಾರವಾಗುತ್ತದೆ.

ಯಲಹಂಕ ನಿವೃತ್ತ

ತಮ್ಮಾ, ನಾನು ವಾಯುಪಡೆಯಲ್ಲಿ ಸಾಗಣೆ ವಿಮಾನ ಹಾರಿಸಿದವನು, ಕೆಲಕಾಲ ಬೋಧಕನಾಗಿಯೂ ಇದ್ದೆ. ನಿನ್ನ ಮಾವನವರ ಮೊದಲ ಮಾತಿನಿಂದಲೇ ಶುರು ಮಾಡುತ್ತೇನೆ. ವಾಯುಪಡೆಯನ್ನು ಪುಕ್ಕಟೆ ಹಾರಾಟ ಶಾಲೆ ಎಂದುಕೊಂಡು ದಯವಿಟ್ಟು ಬರಬೇಡ. ಎಎಫ್‌ಕ್ಯಾಟ್ ಎಂಬ ವಾಯುಪಡೆಯ ಪ್ರವೇಶ ಪರೀಕ್ಷೆಯ ಮೂಲಕ ಅಲ್ಪಾವಧಿ ನೇಮಕಕ್ಕೆ ಬಂದ ಪೈಲಟ್ 14 ವರ್ಷ ಸೇವೆ ಸಲ್ಲಿಸಬೇಕು. ಎನ್‌ಡಿಎಯಿಂದ ಬಂದವನದು ಕಾಯಂ ಹುದ್ದೆ, ಪಿಂಚಣಿಗೆ 20 ವರ್ಷವಾದರೂ ಬೇಕು. ಅಷ್ಟು ಕಾಲ ನೀನು ಮೊದಲು ಅಧಿಕಾರಿ, ಆಮೇಲೆ ಪೈಲಟ್. ಲೇಹ್‌ಗೆ ಹೋಗು ಎಂದರೆ ಲೇಹ್, ಜೋರ್ಹಾಟ್‌ಗೆ ಎಂದರೆ ಜೋರ್ಹಾಟ್, ಯುದ್ಧವಾದರೆ ಯುದ್ಧ. ಇದನ್ನು ಮನಸಾರೆ ಬಯಸುವವನಿಗೆ ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಬಯಸದವನಿಗೆ ಆ ವರ್ಷಗಳು ತುಂಬ ಉದ್ದ.

ಇನ್ನು ತರಬೇತಿಯ ವಿಷಯ. ಎರಡೂ ಕಡೆಯ ದೊಡ್ಡ ವ್ಯತ್ಯಾಸ ವಿಮಾನದಲ್ಲಿಲ್ಲ, ಆಯ್ಕೆಯಲ್ಲಿದೆ. ಮೈಸೂರಿನಲ್ಲಿರುವಂಥ ಆಯ್ಕೆ ಮಂಡಳಿಯ ಮುಂದೆ ನಿಂತಾಗ ನಿನ್ನ ನಡತೆ, ಮಾತು, ನಾಯಕತ್ವವನ್ನು ನೋಡುವುದಲ್ಲದೆ ಸಿಪಿಎಸ್‌ಎಸ್ ಎಂಬ ಪರೀಕ್ಷೆಯನ್ನೂ ಕೊಡುತ್ತಾರೆ. ಕೈ, ಕಾಲು, ಕಣ್ಣು, ಕಿವಿಗಳಿಗೆ ಏಕಕಾಲಕ್ಕೆ ಕೆಲಸ ಕೊಟ್ಟು ನೀನು ಹೇಗೆ ನಿಭಾಯಿಸುತ್ತೀಯ ಎಂದು ಅಳೆಯುವ ಪರೀಕ್ಷೆ ಅದು. ಜೀವಮಾನದಲ್ಲಿ ಒಂದೇ ಅವಕಾಶ. ಅದರಲ್ಲಿ ತೇರ್ಗಡೆಯಾಗದಿದ್ದರೆ ಎನ್‌ಡಿಎ ಆಗಲಿ, ಎಎಫ್‌ಕ್ಯಾಟ್ ಆಗಲಿ, ವಾಯುಪಡೆಯಲ್ಲಿ ಪೈಲಟ್ ಆಗುವ ಬಾಗಿಲು ಮುಚ್ಚಿದಂತೆಯೇ. ಅದಾದ ಮೇಲೆ ವೈದ್ಯಕೀಯ ತಪಾಸಣೆ. ಎತ್ತರ 162.5 ಸೆಂಟಿಮೀಟರ್ ಇದ್ದರೆ ಸಾಲದು. ಕುಳಿತಾಗಿನ ಎತ್ತರ, ಕಾಲಿನ ಉದ್ದ, ತೊಡೆಯ ಉದ್ದವನ್ನೂ ಅಳೆಯುತ್ತಾರೆ. ಆಸನ ಸಮೇತ ಹೊರಚಿಮ್ಮಬೇಕಾದ ಗಳಿಗೆ ಬಂದರೆ ಮೊಣಕಾಲು ಕಾಕ್‌ಪಿಟ್ ಅಂಚಿಗೆ ತಾಗಬಾರದಲ್ಲ.

ಇಷ್ಟೆಲ್ಲ ದಾಟಿ ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಗೆ ಬಂದವರು ಮೊದಲು ಹತ್ತುವುದು ಪಿಲಾಟಸ್ ಪಿಸಿ-7 ವಿಮಾನವನ್ನು. ಅದರದು 700 ಅಶ್ವಶಕ್ತಿಯ ಟರ್ಬೋಪ್ರಾಪ್ ಎಂಜಿನ್. ಮೊದಲ ದಿನದಿಂದಲೇ ಪ್ರತಿ ಹಾರಾಟಕ್ಕೂ ಅಂಕ, ಪ್ರತಿ ಹಾರಾಟದ ನಂತರವೂ ಬೋಧಕನ ಲಿಖಿತ ವರದಿ. ಇಷ್ಟು ಹಾರಾಟಗಳೊಳಗೆ ಒಬ್ಬನೇ ಹಾರಲು ಸಿದ್ಧನಾಗಬೇಕು ಎಂಬ ಲೆಕ್ಕವಿದೆ. ಆಗದಿದ್ದರೆ ಮರುಪರಿಶೀಲನೆ, ಹಿರಿಯ ಬೋಧಕನೊಂದಿಗೆ ಇನ್ನೊಂದು ಪರೀಕ್ಷೆ, ಅಲ್ಲಿಯೂ ಆಗದಿದ್ದರೆ ಹಾರಾಟ ಅಲ್ಲಿಗೆ ಮುಗಿಯಿತು. ಆ ಹುಡುಗರು ದಡ್ಡರಾಗಿರುವುದಿಲ್ಲ. ಇನ್ನು ಹತ್ತು ಗಂಟೆ ಹಾರಿಸಿದ್ದರೆ ಎಷ್ಟೋ ಮಂದಿ ಒಳ್ಳೆಯ ಪೈಲಟ್ ಆಗುತ್ತಿದ್ದರು. ಆದರೆ ಆ ಹತ್ತು ಗಂಟೆ ಅಲ್ಲಿ ದುಡ್ಡಿಗೆ ಸಿಗುವುದಿಲ್ಲ.

ಮೊದಲ ಹಂತ ಮುಗಿದ ಮೇಲೆ ಫೈಟರ್, ಸಾಗಣೆ, ಹೆಲಿಕಾಪ್ಟರ್ ಎಂದು ಮೂರು ದಾರಿ. ನಿನ್ನ ಇಷ್ಟವನ್ನು ಕೇಳುತ್ತಾರೆ, ತೀರ್ಮಾನ ಅವರದು. ಹೆಲಿಕಾಪ್ಟರಿನವರು ಹಕೀಂಪೇಟೆಗೆ, ಸಾಗಣೆಯವರು ನಮ್ಮ ಯಲಹಂಕಕ್ಕೆ; ಫೈಟರಿನವರು ಕೊನೆಯ ಹಂತಕ್ಕೆ ನಿನ್ನೂರಿಗೆ, ಅದೇ ಹಾಕ್‌ಗೆ. ಆ ಹಾಕ್ ಬಂದ ಕತೆಯನ್ನು ನಿನ್ನ ವಯಸ್ಸಿನವರು ತಿಳಿದಿರಬೇಕು. ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕೇ ಬೇಕು ಎಂದು ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಬೀದರಿನಲ್ಲಿ ಹಾಕ್ ಸೇವೆಗೆ ಸೇರಿದ್ದು 2008ರಲ್ಲಿ. ನಡುವಿನ ಅಷ್ಟೂ ವರ್ಷ ನಮ್ಮ ಹುಡುಗರು ಕಿರಣ್‌ನಂಥ ಸಾಧು ವಿಮಾನದಿಂದ ಇಳಿದು, ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟುವ ಮಿಗ್-21 ಹತ್ತುತ್ತಿದ್ದರು. ತರಬೇತಿಯ ಮೆಟ್ಟಿಲಿನಲ್ಲಿ ಒಂದು ಮೆಟ್ಟಿಲು ತಪ್ಪಿಹೋದರೆ ಅದಕ್ಕೆ ಜೀವಗಳು ಬೆಲೆ ತೆರುತ್ತವೆ. ವಾಯುಪಡೆಯ ತರಬೇತಿ ಎಂದರೆ ಎಂದೂ ಕುಂದಿಲ್ಲದ್ದು ಎಂದು ಭಾವಿಸುವವರಿಗಾಗಿ ಇದನ್ನು ಬರೆದೆ.

ಬಲಸೀಟು

ನಾನು ಜಕ್ಕೂರಿನಲ್ಲಿ ಕಲಿತವನು, ಈಗ ಏರ್‌ಲೈನ್ ಒಂದರಲ್ಲಿ ಸಹಪೈಲಟ್. ಯಲಹಂಕ ವಾಯುನೆಲೆಗೂ ಜಕ್ಕೂರಿಗೂ ನಡುವೆ ಕೆಲವೇ ಕಿಲೋಮೀಟರ್, ಆದರೆ ಎರಡು ಕಡೆಯ ಬದುಕು ಬೇರೆ. ನಮ್ಮ ಸೆಸ್ನಾ 152ರ ಎಂಜಿನ್ 110 ಅಶ್ವಶಕ್ತಿಯದು. ಬೇಸಿಗೆಯ ಮಧ್ಯಾಹ್ನ ಇಬ್ಬರು ಕುಳಿತರೆ ಮೇಲೇರಲು ಏದುಸಿರು ಬಿಡುತ್ತದೆ. ಹಾಗಿದ್ದೂ ಅದು ಬಹಳ ಒಳ್ಳೆಯ ಗುರು. ಕಾಲಿನ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಕೂಡಲೇ ತೋರಿಸಿಕೊಡುತ್ತದೆ.

ವಾಣಿಜ್ಯ ಪೈಲಟ್ ಲೈಸೆನ್ಸಿಗೆ ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ಕೇಳುವುದು 200 ಗಂಟೆ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ನಿಮ್ಮದೇ ಆಗಿರಬೇಕು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಾರಾಟ 20 ಗಂಟೆ. ಅದರಲ್ಲಿ ಒಂದು ಪ್ರಯಾಣ 300 ನಾಟಿಕಲ್ ಮೈಲಿಗೆ ಕಡಿಮೆಯಿರಬಾರದು, ನಡುವೆ ಎರಡು ಕಡೆ ಇಳಿಯಬೇಕು. ಉಪಕರಣಗಳನ್ನಷ್ಟೇ ನೋಡಿ ಹಾರಿಸುವುದು, ರಾತ್ರಿ ಹಾರಾಟ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಇದರ ಜೊತೆಗೆ ನ್ಯಾವಿಗೇಷನ್, ಹವಾಮಾನ, ವಾಯು ನಿಯಮಗಳು, ತಾಂತ್ರಿಕ ವಿಷಯಗಳ ಪರೀಕ್ಷೆ. ಪ್ರತಿಯೊಂದರಲ್ಲೂ 70 ಅಂಕ ಬರಬೇಕು. ರೇಡಿಯೋ ಸಂಭಾಷಣೆಯ ಪರೀಕ್ಷೆ ಪ್ರತ್ಯೇಕ, ಅದರ ಮೌಖಿಕಕ್ಕೆ ಹೆದರದವರನ್ನು ನಾನು ನೋಡಿಲ್ಲ.

ಹಿರಿಯರು ಹೇಳಿದ ಆಯ್ಕೆಯ ಮಾತು ಸತ್ಯ. ನಮ್ಮಲ್ಲಿ ಶುರುವಿನಲ್ಲಿ ಯಾರೂ ಜರಡಿ ಹಿಡಿಯುವುದಿಲ್ಲ, ಶುಲ್ಕ ಕಟ್ಟಿದರೆ ಸೀಟು ಸಿಗುತ್ತದೆ. ಜರಡಿ ಇರುವುದು ಕೊನೆಯಲ್ಲಿ, ಏರ್‌ಲೈನಿನ ಬಾಗಿಲಲ್ಲಿ. ಅಷ್ಟರಲ್ಲಿ ಮನೆಯ ದುಡ್ಡು ಖರ್ಚಾಗಿರುತ್ತದೆ. ನಾಗರಿಕ ತರಬೇತಿಯ ಅತಿ ದೊಡ್ಡ ದೋಷ ಇದು ಎಂದೇ ನನ್ನ ಅಭಿಪ್ರಾಯ. ನಿನಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಮೊದಲ 20 ಗಂಟೆಯಲ್ಲೇ ಹೇಳುವ ಬೋಧಕ ಬೇಕು. ಶುಲ್ಕದಿಂದ ನಡೆಯುವ ಶಾಲೆಯಲ್ಲಿ ಹಾಗೆ ಹೇಳಲು ಧೈರ್ಯವೂ ಬೇಕು.

ಗಾಳಿಪಟ

ಇಬ್ಬರೂ ಒಳ್ಳೆಯ ಮಾಹಿತಿ ಕೊಟ್ಟಿದ್ದೀರಿ. ಆದರೂ ಒಂದು ಮಾತು ಹೇಳಲೇಬೇಕು. ವಾಯುಪಡೆಯವರು ವಿಮಾನವನ್ನು ನಿಜವಾಗಿ ಹಾರಿಸುತ್ತಾರೆ, ಏರ್‌ಲೈನಿನವರು ಆಟೋಪೈಲಟ್ ಗುಂಡಿ ಒತ್ತಿ ಕೂರುತ್ತಾರೆ. ಹೋಲಿಕೆಯೇ ಸಲ್ಲದು.

ಬಲಸೀಟು

ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಆರು ತಿಂಗಳಿಗೊಮ್ಮೆ ನಮ್ಮನ್ನು ಸಿಮ್ಯುಲೇಟರಿನಲ್ಲಿ ಕೂರಿಸುತ್ತಾರೆ. ವಿಮಾನ ರನ್‌ವೇ ಬಿಡುವ ಹೊತ್ತಿಗೆ, ಇನ್ನು ನಿಲ್ಲಿಸಲಾಗದ ವೇಗ ಮುಟ್ಟಿದ ಮೇಲೆ, ಒಂದು ಎಂಜಿನ್ ಕೆಡಿಸುತ್ತಾರೆ. ಹೊಗೆ, ಹೈಡ್ರಾಲಿಕ್ ವೈಫಲ್ಯ, ಕ್ಯಾಬಿನ್ ಒತ್ತಡ ಕುಸಿತ, ಎದುರುಗಾಳಿ ಥಟ್ಟನೆ ತಿರುಗುವುದು, ಎಲ್ಲವನ್ನೂ ತಂದು ಮುಂದಿಡುತ್ತಾರೆ. ಸರಿಯಾಗಿ ಮಾಡದಿದ್ದರೆ ಮರುದಿನ ಹಾರುವಂತಿಲ್ಲ. ಹಾರಾಟದ ಬದುಕಿನುದ್ದಕ್ಕೂ ವರ್ಷಕ್ಕೆರಡು ಬಾರಿ ಇದು ಇದ್ದದ್ದೇ. ಆಟೋಪೈಲಟ್ ಹಾಕುವುದು ಕೈ ಬಿಡುವಾಗಲಿ ಎಂದು. ಆಗ ತಲೆಗೆ ಕೆಲಸ ಹೆಚ್ಚು.

ಯಲಹಂಕ ನಿವೃತ್ತ

ಗಾಳಿಪಟ ಅವರೇ, ನಾನು ವಾಯುಪಡೆಯವನಾಗಿದ್ದೂ ನಿಮ್ಮ ಮಾತನ್ನು ಒಪ್ಪುವುದಿಲ್ಲ. ಆದರೆ ಅದರೊಳಗೆ ಹುದುಗಿರುವ ಒಂದು ನಿಜವನ್ನು ಬಿಡಿಸಿ ಹೇಳುತ್ತೇನೆ.

ದುಂಡಿಗಲ್‌ನಲ್ಲಿ ನಾವು ವಿಮಾನವನ್ನು ಬೇಕೆಂದೇ ಕೆಡಿಸಿ ತೋರಿಸುತ್ತೇವೆ. ಸ್ಪಿನ್‌ಗೆ ಹಾಕುತ್ತೇವೆ, ಮೂಗು ಕೆಳಗಾಗಿ ಭೂಮಿ ಗಿರಗಿರ ಸುತ್ತುತ್ತಿರುವಾಗ ಈಗ ಹೊರಗೆ ತೆಗೆ ಎನ್ನುತ್ತೇವೆ. ತಲೆಕೆಳಗಾಗಿ ಹಾರಿಸುತ್ತೇವೆ. ಹಾಕ್‌ಗೆ ಹೋದವನ ಮೈಮೇಲೆ ತಿರುವಿನಲ್ಲಿ ತನ್ನ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಕಣ್ಣಿಗೆ ಬಣ್ಣ ಮಾಸಿ ಬೂದಿಯಾಗುವಾಗ ಹೊಟ್ಟೆ ಬಿಗಿಹಿಡಿದು ಉಸಿರು ಕಟ್ಟಿ ತಡೆಯುವುದನ್ನು ಕಲಿಯುತ್ತಾನೆ. ವಿಮಾನದ ಸಾಮರ್ಥ್ಯ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅವನ ದೇಹ ಅರಿತಿರುತ್ತದೆ. ನಾಗರಿಕ ತರಬೇತಿ ಆ ಅಂಚಿನಿಂದ ದೂರವಿರಲು ಕಲಿಸುತ್ತದೆ. ಬೆನ್ನ ಹಿಂದೆ 180 ಜನ ಕುಳಿತಿರುವಾಗ ಅದೇ ಸರಿ.

ಆದರೆ ಅಂಚಿನಾಚೆ ಜಾರಿಬಿದ್ದಾಗ ಏನು? 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ಗೆ ಬಿತ್ತು, 228 ಜನ ತೀರಿಕೊಂಡರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜು ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ವಿಮಾನ ಸ್ಟಾಲ್ ಆಗಿ, ಎಂದರೆ ರೆಕ್ಕೆಗಳು ಎತ್ತಿಹಿಡಿಯುವ ಬಲ ಕಳೆದುಕೊಂಡು, ಕೆಳಗೆ ಬೀಳುತ್ತಿದ್ದರೂ ಪೈಲಟ್‌ಗಳು ಕೋಲನ್ನು ಹಿಂದಕ್ಕೆ ಎಳೆದೇ ಹಿಡಿದಿದ್ದರು. ಆಮೇಲೆ ಜಗತ್ತಿನ ನಾಗರಿಕ ತರಬೇತಿಯೇ ಬದಲಾಯಿತು. ಯುರೋಪಿನಲ್ಲಿ 2019ರ ಡಿಸೆಂಬರಿನಿಂದ ಏರ್‌ಲೈನ್ ಪೈಲಟ್ ಆಗುವವರು ಅಡ್ಡಾದಿಡ್ಡಿಯಾದ ವಿಮಾನವನ್ನು ನಿಜವಾದ ಆಕಾಶದಲ್ಲೇ ಸರಿಪಡಿಸಲು ಕಲಿಯಲೇಬೇಕು. ಸೇನೆಯ ತರಬೇತಿಯಿಂದ ನಾಗರಿಕರು ಪಡೆದುಕೊಂಡದ್ದು ಇದು. ತಮ್ಮಾ, ನೀನು ನಾಗರಿಕ ದಾರಿ ಹಿಡಿದರೆ ಸ್ಪಿನ್ ತೋರಿಸುವ ಬೋಧಕನನ್ನು ಹುಡುಕಿಕೋ. ನಿಯಮ ಕೇಳದಿದ್ದರೂ ಕಲಿ.

ಬಜ್ಪೆ ಗುಡ್ಡ

ನಾನು ಮಂಗಳೂರಿನವನು. ಪೈಲಟ್ ಅಲ್ಲ, ಆದರೆ 2010ರ ಮೇ 22ರ ಬೆಳಗ್ಗೆಯನ್ನು ನಮ್ಮ ಊರಿನವರು ಮರೆಯುವಂತಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ತನಿಖಾ ವರದಿಯನ್ನು ಓದಿದ್ದೇನೆ. ವಿಮಾನ ಇಳಿಯುವ ಹಾದಿ ಸರಿಯಿಲ್ಲ, ಮೇಲೇರಿ ಮತ್ತೆ ಸುತ್ತಿ ಬರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಮತ್ತೆ ಹಾಗೆಯೇ ಆಯಿತು. ಅಲ್ಲಿಯೂ ಗುಡ್ಡದ ಮೇಲಿನ ರನ್‌ವೇ, ಮಳೆ ಬೇರೆ. 21 ಜನ ಹೋದರು. ಆ ಕ್ಯಾಪ್ಟನ್ ವಾಯುಪಡೆಯಲ್ಲಿ ಟೆಸ್ಟ್ ಪೈಲಟ್ ಆಗಿದ್ದವರು, ಬಹಳ ಗೌರವಕ್ಕೆ ಪಾತ್ರರಾಗಿದ್ದವರು. ಅವರೂ ಆ ರಾತ್ರಿ ತೀರಿಕೊಂಡರು. ಅಲ್ಲಿಯೂ ಸಹಪೈಲಟ್ ಗೋ ಅರೌಂಡ್, ಎಂದರೆ ಮತ್ತೆ ಮೇಲೇರೋಣ, ಎಂದಿದ್ದರು, ಇಳಿತ ಮುಂದುವರಿಯಿತು, ಸಹಪೈಲಟ್ ನಿಯಂತ್ರಣವನ್ನು ತಾವೇ ತೆಗೆದುಕೊಳ್ಳಲಿಲ್ಲ ಎಂದು ವರದಿ ಹೇಳುತ್ತದೆ.

ತೀರಿಹೋದವರ ಮೇಲೆ ದೂರು ಹೊರಿಸಲು ಇದನ್ನು ಬರೆಯುತ್ತಿಲ್ಲ. ವಾಯುಪಡೆಯ ಅತ್ಯುನ್ನತ ತರಬೇತಿ ಪಡೆದವರ ಕಾಕ್‌ಪಿಟ್‌ನಲ್ಲೂ ಇದು ನಡೆಯಬಹುದಾದರೆ, ಯಾವ ಶಾಲೆಯಲ್ಲಿ ಕಲಿತರು ಎಂಬ ಪ್ರಶ್ನೆಗಿಂತ ಪಕ್ಕದಲ್ಲಿ ಕುಳಿತವನ ಮಾತನ್ನು ಕೇಳುವುದನ್ನು ಯಾರು ಕಲಿಸಿದರು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ. ಬಲ್ಲವರು ಹೇಳಬೇಕು.

ಯಲಹಂಕ ನಿವೃತ್ತ

ನೀವು ಕೇಳಿದ್ದು ಈ ಚರ್ಚೆಯಲ್ಲೇ ತುಂಬ ಮುಖ್ಯವಾದ ಪ್ರಶ್ನೆ. ಇದರಲ್ಲಿ ನಾಗರಿಕರು ನಮಗಿಂತ ಮುಂದೆ ನಡೆದವರು ಎಂದು ನೇರವಾಗಿ ಹೇಳುತ್ತೇನೆ. 1977ರಲ್ಲಿ ಟೆನೆರಿಫೆಯ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು. ಹಿರಿಯ ಕ್ಯಾಪ್ಟನ್ ಹೊರಟೇಬಿಟ್ಟಾಗ ಕಿರಿಯರ ಅನುಮಾನಕ್ಕೆ ಬೆಲೆ ಸಿಗಲಿಲ್ಲ. ಅಂಥ ಅಪಘಾತಗಳಿಂದಲೇ ಸಿಆರ್‌ಎಂ ತರಬೇತಿ ಹುಟ್ಟಿತು. ಕಾಕ್‌ಪಿಟ್‌ನಲ್ಲಿ ಮಾತಾಡುವುದು, ಪ್ರಶ್ನಿಸುವುದು, ಬೇಕಾದರೆ ಕೈ ಚಾಚಿ ನಿಯಂತ್ರಣ ತೆಗೆದುಕೊಳ್ಳುವುದು ಇವನ್ನೂ ಹಾರಾಟದ ಕೌಶಲವೆಂದೇ ಕಲಿಸತೊಡಗಿದರು.

ವಾಯುಪಡೆಯಲ್ಲಿ ಹಾರಾಟದ ನಂತರದ ವಿಮರ್ಶೆ ಬಹಳ ನಿಷ್ಠುರ, ಅಲ್ಲಿ ಹುದ್ದೆ ನೋಡದೆ ಮಾತಾಡುತ್ತಾರೆ. ಅದು ನಮ್ಮ ಹೆಮ್ಮೆ. ಆದರೆ ಒಂಟಿ ಆಸನದ ವಿಮಾನದಲ್ಲಿ ವರ್ಷಗಟ್ಟಲೆ ತಾನೊಬ್ಬನೇ ನಿರ್ಧರಿಸಿದವನಿಗೆ, ಹಿಡಿದ ಕೆಲಸ ಮುಗಿಸಿಯೇ ಬರಬೇಕು ಎಂದು ಕಲಿತವನಿಗೆ, ಇಳಿಯದೆ ಮತ್ತೆ ಮೇಲೇರುವುದು ಸೋಲಿನಂತೆ ಕಾಣುವ ಅಪಾಯವಿದೆ. ಏರ್‌ಲೈನಿನಲ್ಲಿ 1,000 ಅಡಿಗೋ 500 ಅಡಿಗೋ ಬರುವ ಹೊತ್ತಿಗೆ ವೇಗ, ಹಾದಿ, ಇಳಿಯುವ ದರ ಎಲ್ಲವೂ ಸರಿಯಿರಬೇಕು, ಇಲ್ಲದಿದ್ದರೆ ಮೇಲೇರಬೇಕು, ಅಷ್ಟೇ. ಹಾಗೆ ಮೇಲೇರಿದವನನ್ನು ಯಾರೂ ಪ್ರಶ್ನಿಸಬಾರದು. ಸೇನೆಯಿಂದ ಬಂದವರು ಏರ್‌ಲೈನಿನಲ್ಲಿ ಹೊಸದಾಗಿ ಕಲಿಯಬೇಕಾದ ದೊಡ್ಡ ಪಾಠ ಇದು. ಬಹುಪಾಲು ಜನ ಚೆನ್ನಾಗಿಯೇ ಕಲಿಯುತ್ತಾರೆ. ಸಾಗಣೆ ವಿಮಾನದವರಿಗೆ ಇಬ್ಬರು ಕೂಡಿ ಹಾರಿಸುವ ಅಭ್ಯಾಸ ಮೊದಲೇ ಇರುವುದರಿಂದ ಸುಲಭ.

ಹಾಸನದ ತಾಯಿ

ಎಲ್ಲರ ಮಾತನ್ನೂ ಓದಿದೆ. ನನ್ನ ಮಗಳು ನಾಗರಿಕ ತರಬೇತಿಗೆ ಹೋಗಬೇಕೆನ್ನುತ್ತಾಳೆ. ಲೈಸೆನ್ಸಿಗೆ 40ರಿಂದ 60 ಲಕ್ಷ, ಏರ್‌ಲೈನ್‌ಗಳ ಕೆಡೆಟ್ ಯೋಜನೆಯಾದರೆ ಕೋಟಿಯವರೆಗೂ ಹೋಗುತ್ತದೆ ಎನ್ನುತ್ತಾರೆ. ನಮ್ಮ ಕಾಫಿ ತೋಟದ ಮೇಲೆ ಸಾಲ ತೆಗೆಯಬೇಕು. ಲೈಸೆನ್ಸ್ ಬಂದ ಮೇಲೆ ಕೆಲಸ ಸಿಗದಿದ್ದರೆ ಏನು ಗತಿ ಎಂದು ಯಾರೂ ಬರೆದಿಲ್ಲ.

ಬಲಸೀಟು

ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. 2012ರಲ್ಲಿ ಕಿಂಗ್‌ಫಿಷರ್ ನಿಂತಾಗ, 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ, ಆಮೇಲೆ ಕೋವಿಡ್ ಬಂದಾಗ, ಅನುಭವಿಗಳೇ ಬೀದಿಗೆ ಬಂದರು; ಹೊಸ ಲೈಸೆನ್ಸಿನವರನ್ನು ಕೇಳುವವರಿರಲಿಲ್ಲ. ಲೈಸೆನ್ಸ್ ಒಮ್ಮೆ ಪಡೆದು ಪೆಟ್ಟಿಗೆಯಲ್ಲಿಡುವ ಪದವಿ ಪತ್ರವಲ್ಲ. ಹಾರುತ್ತಿರಬೇಕು, ವೈದ್ಯಕೀಯ ತಪಾಸಣೆ ನವೀಕರಿಸುತ್ತಿರಬೇಕು, ಎಲ್ಲಕ್ಕೂ ದುಡ್ಡು. ಕೆಲಸ ಸಿಕ್ಕರೂ ಏರ್‌ಬಸ್ ಅಥವಾ ಬೋಯಿಂಗ್ ಹಾರಿಸಲು ಬೇಕಾದ ಟೈಪ್ ರೇಟಿಂಗ್‌ಗೆ ಹಲವು ಲಕ್ಷ ಬೇರೆ. ಅದಕ್ಕೇ ಹೇಳುತ್ತೇನೆ: ಮನೆ ನಡೆಯುವ ಆಸ್ತಿಯನ್ನು ಅಡವಿಡಬೇಡಿ. ಮಗಳು ಮೊದಲು ಡಿಜಿಸಿಎ ಪತ್ರಿಕೆಗಳನ್ನು ಪಾಸು ಮಾಡಲಿ, ಅದರ ಖರ್ಚು ಕಡಿಮೆ. ಅಲ್ಲಿಯೇ ಅವಳ ಶ್ರದ್ಧೆ ಗೊತ್ತಾಗುತ್ತದೆ. ರಾಯ್‌ಬರೇಲಿ ಬಳಿಯ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಅಲ್ಲಿ ಪ್ರವೇಶ ಪರೀಕ್ಷೆ ಇದೆ. ಅದನ್ನೂ ಬರೆಯಲಿ. ಆಯ್ಕೆಯಾದರೆ ಅವಳ ಬಗ್ಗೆ ಹೊರಗಿನವರ ಒಂದು ಅಭಿಪ್ರಾಯ ಸಿಕ್ಕಂತೆ.

ವಾಯುಪಡೆಯ ದಾರಿ ಹೆಣ್ಣುಮಕ್ಕಳಿಗೂ ಇದೆ, ಮರೆಯಬೇಡಿ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದುಂಡಿಗಲ್‌ನಿಂದ ಹೊರಬಂದು ಬೀದರಿನಲ್ಲಿ ಹಾಕ್ ಕಲಿತರು. ಎನ್‌ಡಿಎಯೂ 2022ರಿಂದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದೆ.

ಅರಿಜೋನಾ ಕನ್ನಡಿಗ

ಅಮೆರಿಕದಲ್ಲಿ ಹಾರಾಟ ಬೋಧಕನಾಗಿದ್ದೇನೆ. ಇಲ್ಲಿನ ಒಂದು ನಿಯಮ ನಿಮ್ಮ ಚರ್ಚೆಗೆ ಉಪಯೋಗವಾಗಬಹುದು. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ 3407 ಬಿದ್ದ ನಂತರ, ಏರ್‌ಲೈನಿನ ಸಹಪೈಲಟ್‌ಗೂ 1,500 ಗಂಟೆ ಬೇಕೆಂದು ಕಾನೂನು ಮಾಡಿದರು, 2013ರಿಂದ ಜಾರಿಗೆ ಬಂತು. ಸೇನೆಯಲ್ಲಿ ತರಬೇತಾದವರಿಗೆ 750 ಗಂಟೆ ಸಾಕು. ಎಂದರೆ ಸೇನೆಯ ಒಂದು ಗಂಟೆಯನ್ನು ಕಾನೂನೇ ಎರಡು ಗಂಟೆಗೆ ಸಮನೆಂದು ಒಪ್ಪಿದೆ.

ಇದರಿಂದ ಹೊರಗಿನವರಿಗೆ ಕಾಣದ ಒಂದು ಪರಿಣಾಮ ಆಗಿದೆ. ಲೈಸೆನ್ಸ್ ಪಡೆದ ಯುವಕರು 1,500 ಮುಟ್ಟಲು ಬೋಧಕರಾಗುತ್ತಾರೆ. ನನ್ನ ಪಾಲಿಗೆ ಇದು ಒಳ್ಳೆಯದೇ. ಬೇರೆಯವನ ಕೈ ತಪ್ಪು ಮಾಡುವುದನ್ನು ನೋಡುತ್ತ, ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ನಿಯಂತ್ರಣ ತೆಗೆದುಕೊಳ್ಳಬೇಕು ಎಂದು ಕಲಿಯುವುದಿದೆಯಲ್ಲ, ಬಜ್ಪೆ ಗುಡ್ಡ ಅವರು ಕೇಳಿದ್ದಕ್ಕೆ ಅದಕ್ಕಿಂತ ನೇರವಾದ ಅಭ್ಯಾಸ ಇಲ್ಲ. ಭಾರತದಲ್ಲಿ 200 ಗಂಟೆಯ ಹುಡುಗ ಸಿಮ್ಯುಲೇಟರ್ ಮುಗಿಸಿ ಸೀದಾ ಏರ್‌ಬಸ್ಸಿನ ಬಲಸೀಟಿಗೆ ಬರುತ್ತಾನೆ. ಅವನ ತರಬೇತಿ ಕೆಟ್ಟದ್ದೆಂದು ಹೇಳುತ್ತಿಲ್ಲ. ತನ್ನ ಹೊಣೆಯ ಮೇಲೆ ಆಕಾಶದಲ್ಲಿ ಕಷ್ಟಪಟ್ಟ ಗಂಟೆಗಳು ಅವನಿಗೆ ಕಡಿಮೆ. ಅವಕಾಶ ಸಿಕ್ಕರೆ ಭಾರತದಲ್ಲೂ ಒಂದೆರಡು ವರ್ಷ ಬೋಧಕರಾಗಿ ಎಂದು ಎಲ್ಲರಿಗೂ ಹೇಳುತ್ತೇನೆ.

ಬಲಸೀಟು

ಬೋಧಕರಾಗುವ ಮಾತನ್ನು ಒಪ್ಪುತ್ತೇನೆ, 1,500ರ ನಿಯಮವನ್ನು ಒಪ್ಪುವುದಿಲ್ಲ. ಕೋಲ್ಗನ್ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದವು. ಒಂದೇ ಬಗೆಯ ಹಾರಾಟವನ್ನು ಸಾವಿರ ಗಂಟೆ ಮಾಡಿದರೆ ಕಲಿಯುವುದು ಅಷ್ಟಕ್ಕಷ್ಟೇ.

ಬಿಳಿರೆಕ್ಕೆ

ಯಾರು ಮೇಲು ಎಂದು ಕೇಳುವವರಿಗೆ 1983ರ ಜುಲೈ 23ರ ಕೆನಡಾದ ಘಟನೆಯನ್ನು ಹೇಳಬಯಸುತ್ತೇನೆ. ಏರ್ ಕೆನಡಾದ ಬೋಯಿಂಗ್ 767, 41,000 ಅಡಿ ಎತ್ತರದಲ್ಲಿ ಇಂಧನ ಮುಗಿಸಿಕೊಂಡಿತು. ಕಿಲೋಗ್ರಾಮಿನಲ್ಲಿ ಹಾಕಬೇಕಾದ ಇಂಧನವನ್ನು ಪೌಂಡಿನ ಲೆಕ್ಕದಲ್ಲಿ ಹಾಕಿದ್ದರು. ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು. ಸಹಪೈಲಟ್ ಮಾರಿಸ್ ಕ್ವಿಂಟಾಲ್ ಹಿಂದೆ ಕೆನಡಾ ವಾಯುಪಡೆಯಲ್ಲಿದ್ದವರು, ಗಿಮ್ಲಿ ಎಂಬ ಹಳೆಯ ವಾಯುನೆಲೆಯಲ್ಲಿ ಕೆಲಸ ಮಾಡಿದ್ದವರು. ವಿನ್ನಿಪೆಗ್ ಮುಟ್ಟಲಾಗದು ಎಂದು ಲೆಕ್ಕ ಹಾಕಿ ಗಿಮ್ಲಿಯನ್ನು ನೆನಪಿಸಿಕೊಂಡವರು ಅವರೇ. ಇಳಿಯುವಾಗ ವಿಮಾನ ಹೆಚ್ಚು ಎತ್ತರದಲ್ಲಿತ್ತು. ಪಿಯರ್ಸನ್ ಗ್ಲೈಡರಿನವರು ಮಾಡುವಂತೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಮೂಗನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿ, ಅಡ್ಡಡ್ಡವಾಗಿ ಜಾರಿಸಿ ಎತ್ತರ ಕಳೆದರು. ಆ ರನ್‌ವೇ ಅಷ್ಟು ಹೊತ್ತಿಗೆ ಕಾರು ಪಂದ್ಯದ ಮೈದಾನವಾಗಿತ್ತು. ಒಬ್ಬರೂ ಸಾಯಲಿಲ್ಲ. ಆ ದಿನ ಇಬ್ಬರಲ್ಲಿ ಯಾರೊಬ್ಬರ ಕಲಿಕೆ ಇಲ್ಲದಿದ್ದರೂ ಕತೆ ಬೇರೆಯಾಗುತ್ತಿತ್ತು.

ಮಾಂಜ್ರಾತೀರ

ಎಲ್ಲರಿಗೂ ಧನ್ಯವಾದ. ಮಾವನಿಗೂ ಓದಿ ಹೇಳಿದೆ. ಪುಕ್ಕಟೆ ಶಾಲೆಯ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ನನಗೆ ಸೇವೆಯ ವಿಷಯದಲ್ಲಿ ಹಿಂಜರಿಕೆಯಿಲ್ಲ. ಎನ್‌ಡಿಎ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಎರಡು ಪ್ರಶ್ನೆಗಳು ಮಾತ್ರ ಉಳಿದಿವೆ. ನನಗೆ ಸಣ್ಣ ಪ್ರಮಾಣದ ಕನ್ನಡಕವಿದೆ, ಅದು ಎಲ್ಲಿ ಅಡ್ಡಿಯಾಗುತ್ತದೆ? ಎನ್‌ಡಿಎ ಆಗದಿದ್ದರೆ, ನಾಗರಿಕ ಲೈಸೆನ್ಸ್ ಪಡೆದ ಮೇಲೆ ವಾಯುಪಡೆಗೆ ಬರಲು ಸಾಧ್ಯವೇ?

ಯಲಹಂಕ ನಿವೃತ್ತ

ಕನ್ನಡಕ ಹಾಕಿ ದೃಷ್ಟಿ ಸರಿಹೋದರೆ ನಾಗರಿಕ ಹಾರಾಟಕ್ಕೆ ಅಡ್ಡಿಯಿಲ್ಲ. ವಾಯುಪಡೆಯ ಮಿತಿ ಬಿಗಿಯಾಗಿದೆ, ಎನ್‌ಡಿಎ ಅಧಿಸೂಚನೆಯ ಕೊನೆಯಲ್ಲಿರುವ ವೈದ್ಯಕೀಯ ಪಟ್ಟಿಯನ್ನು ನಿನ್ನ ಕಣ್ಣಿನ ವೈದ್ಯರ ಮುಂದಿಟ್ಟು ಕೇಳು. ಬಣ್ಣಗುರುಡು ಇದೆಯೇ ಎಂಬುದನ್ನೂ ಈಗಲೇ ನೋಡಿಸಿಕೋ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ವಾಯುಪಡೆಯವರ ತಪಾಸಣೆಯೂ ನಡೆಯುತ್ತದೆ, ನಾಗರಿಕ ವಾಣಿಜ್ಯ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ತಪಾಸಣೆಯೂ ನಡೆಯುತ್ತದೆ.

ಎರಡನೆಯದಕ್ಕೆ ಉತ್ತರ, ಹೌದು. ಎಎಫ್‌ಕ್ಯಾಟ್‌ನಲ್ಲಿ ಹಾರಾಟ ವಿಭಾಗಕ್ಕೆ ವಯಸ್ಸು 20ರಿಂದ 24. ಡಿಜಿಸಿಎಯ ಚಾಲ್ತಿಯಲ್ಲಿರುವ ವಾಣಿಜ್ಯ ಲೈಸೆನ್ಸ್ ಇದ್ದರೆ 26ರವರೆಗೆ ಸಡಿಲಿಕೆ ಇದೆ. ಪದವಿ ಬೇಕು, ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಬೇಕು, ಆದ್ದರಿಂದ ಲೈಸೆನ್ಸಿಗೆ ಹೋದರೂ ಪದವಿಯನ್ನು ಬಿಡಬೇಡ. ಆದರೆ 200 ಗಂಟೆ ಹಾರಿದ್ದೇನೆ ಎಂದು ದುಂಡಿಗಲ್‌ನಲ್ಲಿ ಯಾರೂ ನಿನಗೆ ಹಂತ ಬಿಟ್ಟು ಮುಂದೆ ಹಾಕುವುದಿಲ್ಲ. ಮೊದಲ ಪಾಠದಿಂದಲೇ ಶುರು. ಸಿಪಿಎಸ್‌ಎಸ್‌ಗೆ ಹೋಗುವ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡು, ಅದಕ್ಕೆ ಎರಡನೆಯ ಬಾರಿ ಎಂಬುದಿಲ್ಲ.